ಬಡ್ಡಿ ಇಲ್ಲದೆ ಮುಳುಗುವ ವಿದ್ಯೆ

ವೆಸ್ಟ್ ಮಾಂಬಲಂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಕುಡಿಯುವ ನೀರಿನ ಇಲಾಖೆಯಿಂದ ನಿವೃತ್ತನಾದವನು ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಮನೆಗೆ ಬಂದ ಹೊಸತರಲ್ಲಿ ಯಾರೋ ಕೇಳಿದಾಗ ‘ನೀರಿನೊಳಗೆ ಕೆಲಸ’ ಎಂದಿದ್ದೆ. ಬಾಯಿಂದ ಬಾಯಿಗೆ ದಾಟುವಾಗ ‘ಒಳಗೆ’ ಎಲ್ಲೋ ಉದುರಿ ‘ನೀರಿನ ಕೆಲಸ’ ಉಳಿಯಿತು. ಎರಡನೇ ಮಹಡಿಯ ಮಾಮಿ ಈಗಲೂ ನೀರಿನ ಲಾರಿ ಬರದ ದಿನ ನಮ್ಮ ಬಾಗಿಲು ತಟ್ಟುತ್ತಾರೆ. “ಸಾರ್, ಉಂಗ ಆಳುಂಗಕಿಟ್ಟ ಕೊಂಜಂ ಸೊಲ್ಲುಂಗ,” ಎನ್ನುತ್ತಾರೆ, ಅಂದರೆ ನಿಮ್ಮವರಿಗೆ ಒಂದು ಮಾತು ಹೇಳಿ ಅಂತ. ನಾನೂ “ಸೊಲ್ಲುರೇನ್ ಮಾಮಿ” ಎಂದು ಗಂಭೀರವಾಗಿ ತಲೆಯಾಡಿಸುತ್ತೇನೆ. ಮರುದಿನ ಲಾರಿ ಹೇಗೂ ಬರುತ್ತದೆ. ಮಾಮಿಯ ಕಣ್ಣಲ್ಲಿ ನಾನು ಭಾರಿ ಅಧಿಕಾರಿ.

ನಿಜವಾಗಿ ನಾನು ಮಾಡಿದ ಕೆಲಸ ಮುಳುಗುವುದು, ಆಮೇಲೆ ಬೇರೆಯವರಿಗೆ ಮುಳುಗುವುದನ್ನು ಕಲಿಸುವುದು. ನಾನು ಕೊನೆಗೆ ಇದ್ದ ಡೈವಿಂಗ್ ಶಾಲೆಯಲ್ಲಿ ಈಗ ಹೊಸ ಹುಡುಗ ಹುಡುಗಿಯರು ಪಾಠ ಹೇಳುತ್ತಿದ್ದಾರೆ. ಒಬ್ಬರೇ ಸಮುದ್ರಕ್ಕಿಳಿಯುವ ವಿದ್ಯೆಯನ್ನು ಕಲಿಸುವ ಮುಂಚೆ ಏನು ತಿಳಿದಿರಬೇಕು, ಬರೆದುಕೊಡಿ ಎಂದರು. ಕೈಪಿಡಿಯಲ್ಲಿ ಇರುವುದನ್ನು ನಾನು ಬರೆದರೆ ಕೈಪಿಡಿ ಬರೆದವರಿಗೆ ಅವಮಾನ. ಅದರಲ್ಲಿ ಇಲ್ಲದ್ದನ್ನು ಹೇಳುತ್ತೇನೆ.

ನಮ್ಮದು ನಂಜನಗೂಡಿನ ಕಡೆಯ ಶಿವಭಕ್ತರ ಮನೆತನ. ಅಪ್ಪ ಟಿ. ನಗರದಲ್ಲಿ ಸೀರೆ ಅಂಗಡಿ ಇಟ್ಟಿದ್ದರು. ಕಪಿಲೆಯಲ್ಲಿ ಮೂಗು ಹಿಡಿದು ಮೂರು ಮುಳುಗು ಹಾಕುವುದೇ ನಮ್ಮ ವಂಶದ ಅತಿ ದೊಡ್ಡ ಜಲಸಾಹಸವಾಗಿತ್ತು. ಅಂಥ ಮನೆಯಲ್ಲಿ ನಾನು ಬಂದರಿನ ಮುಳುಗುಗಾರನ ಕೆಲಸಕ್ಕೆ ಸೇರುತ್ತೇನೆ ಎಂದಾಗ ಅಪ್ಪ ಅಳತೆಕೋಲನ್ನು ಸೀರೆಯ ಮೇಲೆ ಇಟ್ಟರು.

“ಅಂಗಡಿ ಬೀದೀಲಿ ನಿಂತ್ಕೊಂಡು ಮುಳುಗ್ತೀನಿ ಅನ್ನೋ ಮಾತು ಆಡ್ತೀಯೇನೋ? ಇಲ್ಲಿ ಎಲ್ರೂ ಮುಳುಗ್ದೇ ಇರೋಕೆ ಒದ್ದಾಡ್ತಾ ಅವ್ರೆ. ಮುಳುಗೋಕೆ ಸಂಬಳ ಬೇರೆ ಕೊಡ್ತಾರಾ?”

ಮುಂದೆ ನಾನು ಡೈವಿಂಗ್ ಶಾಲೆ ಸೇರಿದ ಮೇಲೆ, ನೀರಿನೊಳಗೆ ಜೊತೆಗಾರನಿಗೆ ಇಂಗ್ಲಿಷಿನಲ್ಲಿ ‘ಬಡ್ಡಿ’ ಅನ್ನುತ್ತಾರೆ, ಬಡ್ಡಿ ಇಲ್ಲದೆ ಯಾರೂ ಮುಳುಗಬಾರದು ಎಂಬುದೇ ಮೊದಲ ನಿಯಮ ಎಂದು ವಿವರಿಸಿದೆ. ಅಪ್ಪ ಲೆಕ್ಕದ ಪುಸ್ತಕ ಮುಚ್ಚಿ, “ನಾನು ಕಂಡಂಗೆ ಎಲ್ಲಾ ಮುಳುಗಿರೋದೇ ಬಡ್ಡಿಯಿಂದ,” ಎಂದರು.

ಅಮ್ಮನ ಚಿಂತೆ ಬೇರೆ. ಮಗ ಮುಳುಗಿಹೋದಾನೆಂಬ ಭಯ ಅವಳಿಗಿರಲಿಲ್ಲ. ಮೀನು ತಗುಲಿದ ಮೈಯಲ್ಲಿ ಅಡುಗೆಮನೆಗೆ ಬಂದಾನೆಂಬ ಭಯವಿತ್ತು. ಇಡೀ ದಿನ ನೀರಿನಲ್ಲಿದ್ದು ಬೆರಳೆಲ್ಲ ಸುಕ್ಕುಗಟ್ಟಿ ಮನೆಗೆ ಬಂದರೆ, ಬಾಗಿಲಲ್ಲೇ “ಸ್ನಾನ ಮಾಡ್ಕೊಂಡು ಒಳಗೆ ಬಾ” ಎನ್ನುತ್ತಿದ್ದಳು.

ಕೆಲಸ ಎಣ್ಣೂರು ಬಂದರಿನಲ್ಲಿ. ಹಡಗಿನ ತಳ ತಡವಿ ನೋಡುವುದು, ವಿದ್ಯುತ್ ಸ್ಥಾವರಕ್ಕೆ ನೀರು ಸೆಳೆಯುವ ಜಾಲರಿಗೆ ಸಿಕ್ಕಿಕೊಂಡ ಕಸ ಬಿಡಿಸುವುದು. ಬಣ್ಣಬಣ್ಣದ ಮೀನು ಇರುತ್ತದೆಂದು ಹೋದ ನನಗೆ ನನ್ನ ಕೈಯೇ ಕಾಣಲಿಲ್ಲ. ನೀರು ಗಟ್ಟಿ ಕಷಾಯದ ಹಾಗೆ. ಕೆಳಗೆ ಇಳಿಯುವುದು ಒಬ್ಬನೇ. ಆದರೆ ಸೊಂಟಕ್ಕೊಂದು ಹಗ್ಗ, ಹಗ್ಗದ ಇನ್ನೊಂದು ತುದಿ ನಮ್ಮ ಮೇಸ್ತ್ರಿ ಸೆಲ್ವರಾಜ್ ಅವರ ಕೈಯಲ್ಲಿ. ಒಮ್ಮೆ ಎಳೆದರೆ ‘ಚೆನ್ನಾಗಿದ್ದೇನೆ’ ಎಂದರ್ಥ, ಬಿಡದೆ ಎಳೆದರೆ ‘ಮೇಲೆತ್ತಿ’ ಎಂದರ್ಥ.

ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ಆ ಕತ್ತಲಲ್ಲಿ ಮೆತ್ತಗಿನದೇನೋ ಬಂದು ನನ್ನ ಮುಖವನ್ನು ತಬ್ಬಿಕೊಂಡಿತು. ನಾನೂ ಅದನ್ನು ತಬ್ಬಿಕೊಂಡು ಹಗ್ಗವನ್ನು ಎಷ್ಟು ಸಲ ಎಳೆದೆನೋ ನನಗೇ ಗೊತ್ತಿಲ್ಲ. ಬಾವಿಯಿಂದ ಕೊಡ ಸೇದುವ ಹಾಗೆ ನನ್ನನ್ನು ಸೇದಿ ಹಲಗೆಯ ಮೇಲೆ ಹಾಕಿದರು. ನನ್ನ ತೋಳಿನಲ್ಲಿ ನೆನೆದ ಗೋಣಿಚೀಲವೊಂದು ಭದ್ರವಾಗಿತ್ತು. ಸೆಲ್ವರಾಜ್ ಅದನ್ನೂ ನನ್ನನ್ನೂ ನೋಡಿ ಕೇಳಿದರು: “ಯಾರುಡಾ ಇಂದ ಪೊಣ್ಣು?” ಯಾರಪ್ಪಾ ಈ ಹುಡುಗಿ!

ಬೈಯಲಿಲ್ಲ. ಟೀ ತರಿಸಿಕೊಟ್ಟರು. ನಾನು ಕುಡಿದು ಮುಗಿಸುವವರೆಗೆ ಕಾದು, ತಮ್ಮ ತಮಿಳಿನಲ್ಲಿ ಹೇಳಿದರು: “ನೀನು ಹೆದರಿದ್ದು ತಪ್ಪಲ್ಲ ರುದ್ರಾ. ಹೆದರಿದ ಕೂಡಲೇ ಕೈಯಾಡಿಸಿದ್ದು ತಪ್ಪು. ಮೊದಲು ನಿಲ್ಲು. ಉಸಿರು ಬಿಡು. ಆಮೇಲೆ ಕೈ.” ಇವತ್ತಿನ ಎಲ್ಲ ಕೈಪಿಡಿಗಳಲ್ಲೂ ಇದೇ ಮಾತು ಚಿತ್ರಸಮೇತ ಇದೆ. ಗೋಣಿಚೀಲದ ಚಿತ್ರ ಮಾತ್ರ ಇಲ್ಲ.

ವರ್ಷಗಳಾದ ಮೇಲೆ, ಮೊಣಕಾಲು ಎಣ್ಣೂರಿನ ಕೆಸರಿಗೆ ಸಾಕೆಂದಾಗ, ಸಮುದ್ರದ ದಡದ ರಸ್ತೆಯಲ್ಲಿದ್ದ ಡೈವಿಂಗ್ ಶಾಲೆಗೆ ಬಂದೆ. ಅಲ್ಲಿ ನನ್ನ ಕೈ ನನಗೆ ಕಾಣುತ್ತಿತ್ತು; ಅದೇ ದೊಡ್ಡ ಬಡ್ತಿ. ಆಗೆಲ್ಲ ಮುಳುಗುವ ಆಳವನ್ನೂ ಹೊತ್ತನ್ನೂ ಪ್ಲಾಸ್ಟಿಕ್ ಹಲಗೆಯ ಮೇಲಿನ ಕೋಷ್ಟಕ ನೋಡಿ ಲೆಕ್ಕ ಹಾಕುತ್ತಿದ್ದೆವು. ಕೋಷ್ಟಕ ಓದಲು ಕನ್ನಡಕ ಬೇಕು, ಮಾಸ್ಕಿನೊಳಗೆ ಕನ್ನಡಕ ಹಾಕಲಾಗದು. ಈಗ ಮಣಿಕಟ್ಟಿನ ಕಂಪ್ಯೂಟರ್ ದಪ್ಪಕ್ಷರದಲ್ಲಿ ಎಲ್ಲವನ್ನೂ ತೋರಿಸುತ್ತದೆ, ತಪ್ಪಿದರೆ ಕೂಗುತ್ತದೆ ಕೂಡ. ಹಾಗೆಯೇ, ಒಬ್ಬರೇ ಮುಳುಗುತ್ತೇನೆ ಎಂದವರನ್ನು ಮೊದಲು ಬೈದು ಕಳಿಸುತ್ತಿದ್ದೆವು. ಆಮೇಲೆ ಅದಕ್ಕೂ ಒಂದು ತರಬೇತಿ ಬಂತು. ಹೇಗೂ ಕದ್ದು ಹೋಗುವವರು ಕಲಿತಾದರೂ ಹೋಗಲಿ ಎಂದು.

ಸೇರಬೇಕಾದರೆ ಇಪ್ಪತ್ತೊಂದು ವರ್ಷ ದಾಟಿರಬೇಕು. ನೂರು ಸಲವಾದರೂ ಜೊತೆಗಾರರೊಂದಿಗೆ ಮುಳುಗಿ ಎದ್ದಿರಬೇಕು. ವೈದ್ಯರು ಹೃದಯ, ಕಿವಿ, ಶ್ವಾಸಕೋಶ ಪರೀಕ್ಷಿಸಿ ಒಪ್ಪಿರಬೇಕು. ಬಡ್ಡಿ ಇಲ್ಲದವನು ಬಡ್ಡಿಯ ಉಪಕಾರವನ್ನೆಲ್ಲ ಸಾಮಾನಿನ ರೂಪದಲ್ಲಿ ಹೊತ್ತುಕೊಂಡೇ ಇಳಿಯಬೇಕು: ದೊಡ್ಡ ಸಿಲಿಂಡರಿನ ಪಕ್ಕಕ್ಕೆ, ಅದು ಕೈಕೊಟ್ಟರೆ ಮೇಲೆ ಬರುವಷ್ಟು ಗಾಳಿಯ ಮರಿ ಸಿಲಿಂಡರು; ಎರಡು ಮಾಸ್ಕು, ಎರಡು ಕಂಪ್ಯೂಟರು, ಕೈಗೆ ಸುಲಭವಾಗಿ ಸಿಗುವ ಎರಡು ಕಡೆ ಕತ್ತರಿಸುವ ಸಾಧನ, ‘ಇಲ್ಲಿದ್ದೇನೆ’ ಎಂದು ದೋಣಿಗೆ ತೋರಿಸಲು ಗಾಳಿ ತುಂಬಿ ಮೇಲೆ ಬಿಡುವ ಕಿತ್ತಳೆ ಬಣ್ಣದ ಕೊಳವೆ. ಗಾಳಿಯಲ್ಲಿ ಮೂರರಲ್ಲೊಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ದೇವರ ಹುಂಡಿ ಇದ್ದ ಹಾಗೆ, ಮುಟ್ಟಬಾರದು.

ಇದೆಲ್ಲ ಇದ್ದರೂ ನಾನೊಂದು ಪ್ರಶ್ನೆ ಕೇಳುತ್ತಿದ್ದೆ: ಒಬ್ಬರೇ ಯಾಕೆ? ಇದಕ್ಕೆ ಬರುವ ಉತ್ತರದಲ್ಲಿ ಅರ್ಧ ಪರೀಕ್ಷೆ ಮುಗಿಯುತ್ತಿತ್ತು. ತೋಳಿನ ಸುತ್ತಳತೆ ನನ್ನ ಸೊಂಟದಷ್ಟಿದ್ದ ಜಿಮ್ ಪೈಲ್ವಾನನೊಬ್ಬ, “ಸಾರ್, ನಂಗೆ ಭಯ ಅನ್ನೋದೇ ಗೊತ್ತಿಲ್ಲ,” ಎಂದ. ಈಜುಕೊಳದಲ್ಲಿ ಮಾಸ್ಕ್ ತೆಗೆದು ಕಣ್ಣುಮುಚ್ಚಿ ನೀರೊಳಗೇ ಆಚೆ ದಡಕ್ಕೆ ಹೋಗಿ ಎಂದೆ. ಮೂಗಿಗೆ ನೀರು ತಾಗಿದ್ದೇ ತಡ, ಎದೆಮಟ್ಟದ ನೀರಿನಲ್ಲಿ ಎದ್ದು ನಿಂತು, “ಸಾರ್, ಈ ನೀರು ಸರಿಯಿಲ್ಲ,” ಎಂದ. ಭಯ ಗೊತ್ತಿಲ್ಲದವರನ್ನು ದಯವಿಟ್ಟು ಸೇರಿಸಿಕೊಳ್ಳಬೇಡಿ. ಅದರ ಪರಿಚಯ ಮೊದಲ ಸಲ ಆಗುವ ಜಾಗ ಸಮುದ್ರದ ತಳವಾಗಬಾರದು.

ನನ್ನ ಪ್ರಶ್ನೆಗೆ ಅತ್ಯುತ್ತಮ ಉತ್ತರ ಕೊಟ್ಟವರು ವತ್ಸಲಾ ಮೇಡಂ. ಮೈಸೂರಿನ ಕಡೆಯವರು, ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು, ತಲೆ ಪೂರಾ ನರೆತಿತ್ತು. ಅವರ ಯಜಮಾನರು ನಾಗಭೂಷಣ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಇಬ್ಬರೂ ಒಟ್ಟಿಗೇ ನಮ್ಮಲ್ಲಿ ಡೈವಿಂಗ್ ಕಲಿತು, ವರ್ಷಾನುಗಟ್ಟಲೆ ಒಬ್ಬರಿಗೊಬ್ಬರು ಬಡ್ಡಿಯಾಗಿ ಮುಳುಗುತ್ತಿದ್ದರು.

ತೊಂದರೆ ಏನೆಂದರೆ ಭೂಷಣ್ ಸಾರ್ ನೀರಿನೊಳಗೂ ಸಿಗ್ನಲ್ ವಿಭಾಗದಲ್ಲೇ ಇದ್ದರು. ಅಲ್ಲಿ ಮೀನು, ಇಲ್ಲಿ ಏಡಿ, ಹಿಂದೆ ನೋಡು, ಮೇಲೆ ನೋಡು, ಗಾಳಿ ಎಷ್ಟಿದೆ ತೋರಿಸು, ಚೆನ್ನಾಗಿದ್ದೀಯಾ, ನಿಜವಾಗಿ ಚೆನ್ನಾಗಿದ್ದೀಯಾ. ಇಷ್ಟು ಕೈ ಬೀಸಿದ ಮೇಲೆ ಅವರ ಗಾಳಿ ಬೇಗ ಮುಗಿಯುತ್ತಿತ್ತು. ಒಬ್ಬರ ಗಾಳಿ ಮುಗಿದರೆ ಇಬ್ಬರೂ ಮೇಲೆ ಬರಬೇಕು, ಅದು ನಿಯಮ. ಮೇಡಂ ಅರ್ಧ ಸಿಲಿಂಡರು ಉಳಿಸಿಕೊಂಡು ಮೇಲೆ ಬಂದು, ದೋಣಿಯಲ್ಲಿ ಕೂತು ಗಂಡನ ವರದಿ ಕೇಳುತ್ತಿದ್ದರು.

“ಒಬ್ಬರೇ ಯಾಕೆ ಮೇಡಂ?” ಎಂದೆ.

“ಒಂದೇ ಕಡೆ ನಿಂತು ನೋಡ್ಬೇಕು ಸಾರ್. ಸುಮ್ನೆ. ಯಾರೂ ತೋರಿಸ್ದೆ.” ಮತ್ತೆ ಸೇರಿಸಿದರು, “ಕಾವೇರಿ ಎಕ್ಸ್‌ಪ್ರೆಸ್ಸಲ್ಲಿ ಬೆಳಿಗ್ಗೆ ಎದ್ದು ಕಿಟಕಿ ಪಕ್ಕ ಕೂತ್ರೂ ಅವರೇ ತೋರಿಸ್ತಾರೆ. ಹಸು ಅಂತೆ, ಸೇತುವೆ ಅಂತೆ. ನನಗೂ ಕಣ್ಣಿದೆ.”

ಸೇರಿಸಿಕೊಂಡೆ. ಮರುದಿನವೇ ಭೂಷಣ್ ಸಾರ್ ಶಾಲೆಗೆ ಬಂದರು.

“ನಾನು ಬದುಕಿರೋವಾಗ್ಲೇ ನನ್ನ ಹೆಂಡ್ತಿಗೆ ಒಂಟಿಯಾಗಿರೋ ಟ್ರೈನಿಂಗ್ ಕೊಡ್ತಿದೀರಲ್ಲಾ ರುದ್ರಸ್ವಾಮಿ, ಇದು ಸರೀನಾ? ನಂಗೇನಾದ್ರೂ ಆಯ್ತು ಅಂದ್ಕೊಂಡಿದೀರಾ?”

“ನಿಮಗೇನೂ ಆಗಿಲ್ಲ ಸಾರ್. ಅದಕ್ಕೇ ಅವರು ಸೇರಿರೋದು,” ಎಂದುಬಿಟ್ಟೆ. ಅವರು ಆ ಸಿಟ್ಟಿನಲ್ಲಿ ನನ್ನ ಹೆಂಡತಿ ಗಿರಿಜೆಗೆ ಫೋನು ಮಾಡಿ ದೂರು ಕೊಟ್ಟರು. ಗಿರಿಜೆ ಪೂರ್ತಿ ಕೇಳಿಸಿಕೊಂಡು ಸಂಜೆ ನನ್ನನ್ನು ವಿಚಾರಿಸಿದಳು: “ಆ ಕೋರ್ಸಿಗೆ ಈಜು ಬರ್ಲೇಬೇಕಾ? ನೆಲದ ಮೇಲಿನದು ಏನಾದ್ರೂ ಇದೆಯಾ?”

ಪಾಠ ಶುರುವಾಯಿತು. ಮೇಡಂ ಉಸಿರಾಟದ ಲೆಕ್ಕವನ್ನು ನಾನು ಪ್ರಶ್ನೆ ಮುಗಿಸುವ ಮೊದಲೇ ಮಾಡಿಬಿಡುತ್ತಿದ್ದರು. ಕೊಳದ ತಳದಲ್ಲಿ ಹೇಳದೆ ಕೇಳದೆ ಅವರ ಮಾಸ್ಕ್ ಕಿತ್ತುಕೊಂಡೆ, ಗಾಳಿಯ ಕವಾಟ ತಿರುಗಿಸಿ ನಿಲ್ಲಿಸಿದೆ. ಅವರು ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯ ಹಾಗೆ ನಿಧಾನಕ್ಕೆ ಮರಿ ಸಿಲಿಂಡರಿನ ಬಾಯಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಜೇಬಿನಿಂದ ಎರಡನೇ ಮಾಸ್ಕ್ ತೆಗೆದು ಹಾಕಿಕೊಂಡು, ನನ್ನತ್ತ ‘ಮುಂದೆ?’ ಎಂಬಂತೆ ನೋಡುತ್ತಿದ್ದರು.

ಕಷ್ಟವಾದದ್ದು ದಡದ ಮನುಷ್ಯನ ವಿಷಯ. ಒಬ್ಬರೇ ಇಳಿಯುವವರು ಎಲ್ಲಿ ಇಳಿಯುತ್ತೇನೆ, ಎಷ್ಟು ಹೊತ್ತಿಗೆ ಮೇಲೆ ಬರುತ್ತೇನೆ ಎಂದು ಒಬ್ಬರಿಗೆ ಹೇಳಿಯೇ ಇಳಿಯಬೇಕು. ಆ ಹೊತ್ತು ಮೀರಿದರೆ ಅವರು ಸಹಾಯಕ್ಕೆ ಕೂಗಬೇಕು. ಅದಕ್ಕೆ ಮುಂಚೆ ಏನೂ ಮಾಡಬಾರದು. ಮೇಡಂ ಆ ಜಾಗಕ್ಕೆ ಗಂಡನನ್ನೇ ಆರಿಸಿದರು.

“ಮೇಡಂ, ಬೇರೆ ಯಾರಾದ್ರೂ…” ಎಂದೆ.

“ಬೇರೆ ಯಾರಿದಾರೆ ಸಾರ್? ಮಗಳನ್ನ ಕೇಳಿದ್ರೆ ‘ಪೋಮ್ಮಾ’ ಅಂತಾಳೆ. ನಾನು ಕನ್ನಡದಲ್ಲಿ ಕರೆದ್ರೆ ಅವಳು ತಮಿಳಲ್ಲಿ ಹೋಗು ಅನ್ನೋದು. ಇವರೇ ಸರಿ. ಕಲಿಸಿ.”

ಏನೂ ಮಾಡದಿರುವುದನ್ನು ನಾನು ಅದುವರೆಗೆ ಯಾರಿಗೂ ಕಲಿಸಿರಲಿಲ್ಲ. ಮೇಡಂ ಕೊಳದ ತಳದಲ್ಲಿ ಕದಲದೆ ಕೂರುವುದು, ಭೂಷಣ್ ಸಾರ್ ದಡದ ಕುರ್ಚಿಯಲ್ಲಿ ಗಡಿಯಾರ ನೋಡುತ್ತ ಕೂರುವುದು, ಇದು ಅಭ್ಯಾಸ. ಮೊದಲ ಸಲ ಅವರು ಕುರ್ಚಿಯ ತುದಿಗೆ ಬಂದರು. ಆಮೇಲೆ ಎದ್ದರು. ನಾನು “ಸಾರ್” ಎನ್ನುವಷ್ಟರಲ್ಲಿ ಪ್ಯಾಂಟು, ಬೆಲ್ಟು, ಜೇಬಿನ ಮೊಬೈಲು ಸಮೇತ ನೀರಿಗೆ ಹಾರಿದರು. ಕೆಳಗೆ ನೆಮ್ಮದಿಯಾಗಿ ಕೂತಿದ್ದ ಹೆಂಡತಿಯ ಮೇಲೆಯೇ ಬಿದ್ದರು. ಮೇಡಂ ಮೇಲೆ ಬಂದು ಉಸಿರಾಡುವ ರೆಗ್ಯುಲೇಟರ್ ಬಾಯಿಂದ ತೆಗೆದು ಒಂದೇ ಮಾತು ಕೇಳಿದರು: “ಯಾಕ್ರೀ?”

“ನೀನು ಅಲ್ಲಾಡ್ತಾನೇ ಇರ್ಲಿಲ್ಲ.”

“ಅಲ್ಲಾಡ್ಬಾರ್ದು ಅಂತಾನೇ ಅಭ್ಯಾಸ!”

ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟರೂ ಉಸಿರಾಡಲಿಲ್ಲ. ಆದರೆ ಮನುಷ್ಯ ಹಟವಾದಿ. ಮುಂದಿನ ವಾರ ಮತ್ತೆ ಬಂದರು. ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಅದರ ಮುಂದಿನ ವಾರ ಎದುರಿನ ನೀರನ್ನು ನೋಡಲು ಶುರುಮಾಡಿದರು. ಮೇಲೆ ಬರುವ ಗುಳ್ಳೆಗಳನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಪರವಾಗಿಲ್ಲ, ಏನೋ ಒಂದು ಹಿಡಿದುಕೊಂಡರಲ್ಲ ಎಂದು ನಾನು ಸುಮ್ಮನಾದೆ.

ತರಬೇತಿ ಮುಗಿದು, ಸಮುದ್ರದಲ್ಲಿ ನಾನು ದೂರದಿಂದ ಹಿಂಬಾಲಿಸುತ್ತಿದ್ದ ಪರೀಕ್ಷೆಗಳೂ ಮುಗಿದು, ಮೇಡಂ ನಿಜವಾಗಿ ಒಬ್ಬರೇ ಇಳಿಯುವ ದಿನ ಬಂತು. ಏಳುಮಲೈ ಎಂಬ ಮೀನುಗಾರರ ಫೈಬರ್ ದೋಣಿಯಲ್ಲಿ ನಾವು ಮೂವರು ಹೊರಟೆವು. ಸಮುದ್ರ ಹಾಸಿದ ಚಾಪೆಯ ಹಾಗಿತ್ತು. ಮೇಡಂ ಎಲ್ಲ ತೊಟ್ಟು ದೋಣಿಯ ಅಂಚಿನಲ್ಲಿ ಕೂತರು. ಕೂತೇ ಇದ್ದರು. ಆಮೇಲೆ ಮಾಸ್ಕ್ ತೆಗೆದರು.

“ಇವತ್ತು ಬೇಡ ಸಾರ್.”

“ಯಾಕೆ? ಏನಾಯ್ತು?” ಎಂದು ಭೂಷಣ್ ಸಾರ್ ಎದ್ದರು. “ಇಷ್ಟು ದೂರ ಬಂದು…”

“ಏನಾಗಿಲ್ಲ. ಮನಸ್ಸು ಒಪ್ತಿಲ್ಲ, ಅಷ್ಟೇ.”

ನಾನು ಏಳುಮಲೈಗೆ ದೋಣಿ ತಿರುಗಿಸಲು ಹೇಳಿದೆ. ಮಕ್ಕಳೇ, ಇಷ್ಟು ಕಾಲದಲ್ಲಿ ನಾನು ಒಡ್ಡಿದ ಪರೀಕ್ಷೆಗಳಲ್ಲಿ ಒಬ್ಬರು ಪೂರ್ಣಾಂಕ ಪಡೆದದ್ದು ಅವತ್ತು. ಸಾಮಾನು ಹೊತ್ತು, ದೋಣಿ ಗೊತ್ತುಮಾಡಿ, ನಾಲ್ಕು ಜನ ನೋಡುತ್ತಿರುವಾಗ ‘ಬೇಡ’ ಎನ್ನುವುದಕ್ಕೆ ಬೇಕಾದ ಎದೆ, ಇಳಿಯುವುದಕ್ಕೆ ಬೇಡ.

ಮತ್ತೊಂದು ಬೆಳಿಗ್ಗೆ ಹೋದೆವು. ಈ ಸಲ ಮೇಡಂ ಅಂಚಿನಲ್ಲಿ ಕೂತು, ಗಂಡನಿಗೆ ಮೇಲೆ ಬರುವ ಹೊತ್ತು ಹೇಳಿ, ಹಿಂದಕ್ಕೆ ವಾಲಿ ನೀರಿಗೆ ಬಿದ್ದು ಮರೆಯಾದರು. ನಾನೂ ಸಿಲಿಂಡರು ಕಟ್ಟಿಕೊಂಡು ಸಿದ್ಧನಾಗಿಯೇ ಕೂತಿದ್ದೆ. ಭೂಷಣ್ ಸಾರ್ ಗಡಿಯಾರ ನೋಡುವುದು, ಗುಳ್ಳೆ ನೋಡುವುದು. ಅವರು ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ಕಂಡು ಏಳುಮಲೈ ನನ್ನ ಕಿವಿಯಲ್ಲಿ, “ಸಾರುಕ್ಕು ಒಡಂಬು ಸರಿಯಿಲ್ಲೈಯಾ?” ಎಂದು ವಿಚಾರಿಸಿದರು. ಮೈ ಹುಷಾರಿಲ್ಲವೇ ಅಂತ.

ಗುಳ್ಳೆಗಳ ಗುಂಪು ಬಂಡೆಯ ಸಾಲಿನ ಉದ್ದಕ್ಕೆ ಮೆಲ್ಲಗೆ ಸಾಗುತ್ತಿತ್ತು. ನಿಂತಿತು. ನೋಡುತ್ತಿರಬೇಕು, ಅದಕ್ಕೇ ತಾನೇ ಹೋಗಿರುವುದು ಎಂದುಕೊಂಡೆ. ಆದರೆ ಗುಳ್ಳೆಗಳು ನಿಂತಲ್ಲೇ ಜೋರಾದವು. ಒಮ್ಮೆಲೇ ಒತ್ತೊತ್ತಾಗಿ ಎದ್ದವು. ಆ ಕಡೆ ಹರಿದ ಬಲೆಗಳು ಬಂಡೆಗೆ ಸಿಕ್ಕಿಕೊಂಡಿರುತ್ತವೆ ಎಂಬುದು ನನಗೆ ಗೊತ್ತು. ಮಾಸ್ಕ್ ಹಾಕಿಕೊಂಡು ಅಂಚಿಗೆ ಸರಿದೆ. ಯಾರೋ ಹಿಂದಿನಿಂದ ನನ್ನ ಸಿಲಿಂಡರಿನ ಪಟ್ಟಿ ಹಿಡಿದು ಎಳೆದರು.

“ಕೂತ್ಕೊಳಿ ರುದ್ರಸ್ವಾಮಿ. ಟೈಮ್ ಆಗಿಲ್ಲ.”

“ಸಾರ್, ಗುಳ್ಳೆ ನೋಡಿ. ಏನೋ ಆಗಿದೆ.”

“ಏನೋ ಆಗಿದೆ. ಆದ್ರೆ ಅವಳು ಹೆದ್ರಿಲ್ಲ. ಕೋಪ ಮಾಡ್ಕೊಂಡಿದಾಳೆ.” ಅವರ ಕಣ್ಣು ನೀರಿನಿಂದ ಕದಲಲಿಲ್ಲ. “ನೋಡಿ, ಈಗ ನಿಧಾನ ಆಯ್ತು. ಒಂದು ಉದ್ದ, ಸ್ವಲ್ಪ ಬಿಟ್ಟು ಇನ್ನೊಂದು ಉದ್ದ. ನನ್ನ ಮೇಲೆ ಸಿಟ್ಟಾಗಿ ಆ ಕಡೆ ತಿರುಗಿ ಮಲಗಿದಾಗ ಹೀಗೇ ಉಸಿರಾಡ್ತಾಳೆ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿ ನಂಗೆ ಅಷ್ಟೂ ಗೊತ್ತಾಗಲ್ವಾ? ಏನೋ ಕೆಲಸ ಮಾಡ್ತಿದಾಳೆ. ಬಿಡಿ, ಮಾಡ್ಲಿ.”

ನಾನು ನೋಡಿದೆ. ನಿಜ. ಗುಳ್ಳೆಗಳು ಉದ್ದುದ್ದಕ್ಕೆ, ಒಂದೇ ಅಳತೆಯಲ್ಲಿ ಬರುತ್ತಿದ್ದವು. ಕೂತೆ. ಆದರೂ ಮಾಸ್ಕ್ ತೆಗೆಯಲಿಲ್ಲ. ಭೂಷಣ್ ಸಾರ್ ಇನ್ನೊಂದು ಕೈಯಿಂದ ಅದನ್ನು ನನ್ನ ಕುತ್ತಿಗೆಗೆ ಇಳಿಸಿದರು. ಹಿಡಿದ ಪಟ್ಟಿಯನ್ನು ಮಾತ್ರ ಬಿಡಲಿಲ್ಲ.

ಹೇಳಿದ ಹೊತ್ತಿಗೆ ಇನ್ನೂ ಸ್ವಲ್ಪ ಬಾಕಿ ಇರುವಾಗ ಕಿತ್ತಳೆ ಬಣ್ಣದ ಕೊಳವೆ ನೀರು ಸೀಳಿಕೊಂಡು ನೆಟ್ಟಗೆ ಎದ್ದು ನಿಂತಿತು. ಏಳುಮಲೈ “ಮುರುಗಾ!” ಎಂದರು. ಮೇಲೆ ಬರುವ ಮುನ್ನ ಮೈ ಹೊಂದಿಕೊಳ್ಳಲೆಂದು ತಡೆಯಬೇಕಾದ ಆಳದಲ್ಲಿ ಶಿಸ್ತಾಗಿ ತಡೆದು, ಮೇಡಂ ತಲೆ ಎತ್ತಿದರು. ಕೈಯನ್ನು ತಲೆಯ ಮೇಲಿಟ್ಟು ‘ಚೆನ್ನಾಗಿದ್ದೇನೆ’ ಎಂದು ತೋರಿಸಿದರು. ಇನ್ನೊಂದು ಕೈಯಲ್ಲಿ ನೈಲಾನ್ ಬಲೆಯ ಒಂದು ತುಂಡು.

ದೋಣಿಗೆ ಹತ್ತಿಸಿಕೊಂಡೆವು. ಬೆನ್ನ ಹಿಂದಿನ ಕವಾಟಕ್ಕೆ ಬಲೆ ಸಿಕ್ಕಿತ್ತಂತೆ. ತಿರುಗಿದಷ್ಟೂ ಸುತ್ತಿಕೊಂಡಿತಂತೆ. ನಿಂತು, ಉಸಿರು ಬಿಟ್ಟು, ಸಿಲಿಂಡರಿನ ಜಾಕೆಟ್ಟನ್ನೇ ಕಳಚಿ ಎದುರಿಗೆ ಹಿಡಿದುಕೊಂಡು, ಬಲೆ ಕತ್ತರಿಸಿ, ಮತ್ತೆ ತೊಟ್ಟುಕೊಂಡು ಮೇಲೆ ಬಂದಿದ್ದರು.

“ಭಯ ಆಯ್ತಾ ಮೇಡಂ?” ಎಂದೆ.

“ಮೊದ್ಲು ಆಯ್ತು. ಆಮೇಲೆ ವಿಪರೀತ ಕೋಪ ಬಂತು ಸಾರ್. ಇಷ್ಟು ಕಷ್ಟಪಟ್ಟು ಒಬ್ಳೇ ನೋಡೋಕೆ ಬಂದ್ರೆ ಇದೊಂದು ಅಂಟ್ಕೊಳ್ತಲ್ಲಾ ಅಂತ.”

ಭೂಷಣ್ ಸಾರ್ ನನ್ನ ಮುಖ ನೋಡಿದರು. ಫ್ಲಾಸ್ಕಿನಿಂದ ಬಿಸಿ ಕಾಫಿ ಬಗ್ಗಿಸಿ ಹೆಂಡತಿಗೆ ಕೊಟ್ಟರು. ಅರ್ಧ ಲೋಟಕ್ಕೆ, ಅರ್ಧ ದೋಣಿಗೆ.

ಹಿಂದಿರುಗುವಾಗ ಬಿಸಿಲೇರಿತ್ತು. ಮೇಡಂ ಬಲಗಡೆಯ ಅಂಚಿಗೊರಗಿ ದಡದ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಎಡಗಡೆ, ದೋಣಿಗೆ ಬಲು ಹತ್ತಿರದಲ್ಲಿ ದೊಡ್ಡದೊಂದು ಕಡಲಾಮೆ ಉಸಿರಿಗೆಂದು ತಲೆ ಎತ್ತಿತು. ಭೂಷಣ್ ಸಾರ್ ಮೊದಲು ಕಂಡರು. ಅವರ ಕೈ ತಾನಾಗಿಯೇ ಮೇಲೆದ್ದಿತು. ಬಾಯಿ ತೆರೆಯಿತು. ಆಮೇಲೆ ಬಾಯಿ ಮುಚ್ಚಿಕೊಂಡು, ಆ ಕೈಯನ್ನು ತಂದು ತೊಡೆಯ ಕೆಳಗೆ ಇಟ್ಟು, ಅದರ ಮೇಲೆ ಕೂತುಬಿಟ್ಟರು. ಆಮೆಗೆ ಬೆನ್ನು ಹಾಕಿ ದಡವನ್ನೇ ದಿಟ್ಟಿಸತೊಡಗಿದರು. ಮುಖ ಕೆಂಪಾಗಿತ್ತು. ಏಳುಮಲೈ ಹೇಳದೆಯೇ ಮೋಟಾರು ತಗ್ಗಿಸಿದರು. ನಾವಿಬ್ಬರೂ ಆಮೆಯನ್ನು ಕಾಣದವರ ಹಾಗೆ ಕೂತೆವು.

ಆಮೆ ಪಾಪ ಒಳ್ಳೆಯದು, ಅವಸರ ಮಾಡಲಿಲ್ಲ. ಮೋಟಾರಿನ ಸದ್ದು ಬದಲಾದದ್ದಕ್ಕೆ ಮೇಡಂ ತಿರುಗಿದರು. ಕಂಡರು. ಲೋಟ ಕೆಳಗಿಟ್ಟು ಗಂಡನ ಭುಜ ಅಲುಗಾಡಿಸಿದರು.

“ರೀ, ಅಲ್ಲಿ ನೋಡ್ರೀ! ಆಮೆ! ಆ ಕಡೆ ಅಲ್ಲ, ಈ ಕಡೆ!”

“ಎಲ್ಲಿ?” ಎಂದು ಭೂಷಣ್ ಸಾರ್ ಆಕಾಶದಿಂದ ಶುರುಮಾಡಿ ಹುಡುಕಿದರು. “ಎಲ್ಲಿ ವತ್ಸಲಾ? ನಂಗೆ ಕಾಣ್ತಾನೇ ಇಲ್ವಲ್ಲಾ. ಸರಿಯಾಗಿ ತೋರ್ಸು.”